ಗೂಡ್ಸ್ ಆಟೋದ ಅಣ್ಣನಿಗೆ ಧನ್ಯವಾದ

ನಾನು ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ನಲಿಯುತ್ತಾ ಕಲಿಸುವ ಪದ್ಧತಿಯ ಶಿಕ್ಷಕಿ. 1, 2, 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ದುಂಡು ಮೇಜುಗಳ ಸುತ್ತ ಕೂತು ಕಲಿಯುತ್ತಾರೆ. ಮೇ ಕೊನೆಯಲ್ಲಿ ಶಾಲೆ ಶುರುವಾಗುವ ಹಿಂದಿನ ದಿನ ಬೀಗ ತೆಗೆದರೆ ಎದೆ ಧಸಕ್ಕೆಂದಿತು. ಹೆಂಚು ಸರಿದು ಮಳೆನೀರು ಒಳಗೆ ಬಂದಿತ್ತು. ಕಲಿಕಾ ಕಾರ್ಡುಗಳೆಲ್ಲ ಒದ್ದೆಯಾಗಿ ನೆಲದ ಮೇಲೆ ಬಿದ್ದಿದ್ದವು. ಅತ್ತೇಬಿಟ್ಟೆ.

ರಿಪೇರಿಯಾದ ಮೇಜುಗಳನ್ನು ಇಳಿಸಿ ಹೊರಟಿದ್ದ ಗೂಡ್ಸ್ ಆಟೋದ ಅಣ್ಣ ಒಳಗೆ ಇಣುಕಿ ನೋಡಿದರು. ಸುಮ್ನೆ ಚಪ್ಪಲಿ ಕಳಚಿ ಬಂದರು. "ಮೊದಲು ಇವನ್ನ ಒಣಗಿಸೋಣ ಮೇಡಂ" ಅಂದರು. ಒಂದೊಂದೇ ಕಾರ್ಡನ್ನು ಹೆಗಲ ಟವೆಲ್ಲಿನಲ್ಲಿ ಒತ್ತಿ ಒರೆಸಿ, ಮಕ್ಕಳ ಚಿತ್ರ ತೂಗುಹಾಕುವ ತಂತಿಗೆ ಸಿಕ್ಕಿಸಿದರು. ಒಣಗಿದ ಮೇಲೆ ಹಕ್ಕಿ ಒಂದು ಕಡೆ, ಪ್ರಾಣಿ ಒಂದು ಕಡೆ ಅಂತ ಕಾರ್ಡಿನ ಮೇಲಿನ ಲೋಗೋ ಚಿತ್ರ ನೋಡಿ ಜೋಡಿಸಿದರು. (ಮಕ್ಕಳೂ ಆ ಚಿತ್ರ ನೋಡಿಯೇ ತಮ್ಮ ಕಾರ್ಡ್ ಹುಡುಕುವುದು. ಅದನ್ನು ನಾನು ಅಣ್ಣನಿಗೆ ಹೇಳಿಯೇ ಇರಲಿಲ್ಲ.)

ಒಂದು ಮೇಜು ಇನ್ನೂ ಅಲ್ಲಾಡುತ್ತಿತ್ತು. ಆಟೋದಿಂದ ಹಳೇ ಸೈಕಲ್ ಟ್ಯೂಬ್ ತಂದು, ಕತ್ತರಿಸಿ ಕಾಲಿಗೆ ಸುತ್ತಿದರು. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಚಾಚಿ ನೋಡಿದರು. "ಸಣ್ಣ ಮಕ್ಕಳಿಗೆ ಮೇಲಿನ ಗೂಡು ಎಟುಕಲ್ಲ ಅಲ್ವಾ?" ಎಂದು ಸ್ಲೇಟು, ಬಳಪದ ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸಿದರು.

ಜಾಸ್ತಿ ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. ಟೀ ಮಾತ್ರ ಕುಡಿದರು. ಹೆಸರು ಕೇಳುವಷ್ಟರಲ್ಲಿ ಆಟೋ ಹೊರಟಿತ್ತು. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಅಣ್ಣಾ, ಮರುದಿನ ಒಂದನೇ ತರಗತಿಗೆ ಹೊಸದಾಗಿ ಬಂದ ಪುಟ್ಟಿಯೊಬ್ಬಳು ಯಾರನ್ನೂ ಕೇಳದೆ ಆ ಡಬ್ಬಿಯಿಂದ ಬಳಪ ತಗೊಂಡಳು. ನಿಮಗೆ ಧನ್ಯವಾದ.