ಪುಕ್ಕಟೆ ಸಿಕ್ಕರೆ ಸಾಲದು

ಮಾನ್ಯರೇ,

ತಂತ್ರಾಂಶ ಪುಕ್ಕಟೆ ಸಿಕ್ಕಿತೆಂದು ಖುಷಿಪಡುತ್ತೇವೆ. ಆದರೆ ಅದರ ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಬರಹ) ಸಿಗದಿದ್ದರೆ ಹಿಡಿತವೆಲ್ಲ ತಯಾರಕರ ಕೈಯಲ್ಲೇ ಅಲ್ವಾ? 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶ ತಯಾರಿಸುವ ಗ್ನೂ ಯೋಜನೆ ಪ್ರಕಟಿಸಿದ್ದು ಇದಕ್ಕಾಗಿಯೇ. ಯಾವ ಕೆಲಸಕ್ಕಾದರೂ ಬಳಸುವ, ಒಳಗೇನಿದೆ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು ಬಳಕೆದಾರರಿಗೆ ಇರಬೇಕು. ಈ ಹಕ್ಕುಗಳನ್ನು ಕೊಡುವುದೇ ಮುಕ್ತ ತಂತ್ರಾಂಶ.

ತಿದ್ದುವ ಹಕ್ಕಂತೂ ಕನ್ನಡಕ್ಕೆ ತುಂಬಾ ಮುಖ್ಯ. ಮುಚ್ಚಿದ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಕಂಡರೆ ಕಂಪನಿ ಮನಸ್ಸು ಮಾಡುವವರೆಗೆ ಕಾಯಬೇಕು. ಪತ್ರ, ಲೆಕ್ಕ ಬರೆಯುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಾದರೆ ನಮ್ಮ ಹುಡುಗ ಹುಡುಗಿಯರೇ ಸರಿಪಡಿಸಬಹುದು. ಎಲ್ಲರೂ ಪ್ರೋಗ್ರಾಮ್ ಕಲಿಯಬೇಕಿಲ್ಲ, ಬಲ್ಲವರಿಂದ ಮಾಡಿಸಿಕೊಂಡರೂ ಆಯಿತು.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಮುಕ್ತ ತಂತ್ರಾಂಶ ಕಲಿಯುತ್ತಿದ್ದಾರೆ. ನಮ್ಮ ತೆರಿಗೆ ಹಣದಲ್ಲಿ ತಯಾರಾಗುವ ಪ್ರತಿಯೊಂದು ಕನ್ನಡ ತಂತ್ರಾಂಶದ ಸೋರ್ಸ್ ಕೋಡನ್ನೂ ಸರ್ಕಾರ ಮುಕ್ತ ಪರವಾನಗಿಯಲ್ಲಿ ಜನರಿಗೆ ಕೊಡಬೇಕು.

– ಓರ್ವ ಓದುಗ, ಮೈಸೂರು