ಸದ್ದು ಗಾಳಿಯದೋ ನೆಲದ್ದೋ

ಡನ್ನಾಲಿ, ವಿಕ್ಟೋರಿಯಾ, ಆಸ್ಟ್ರೇಲಿಯಾ

ಪ್ರೀತಿಯ ತಮ್ಮನಿಗೆ,

ನಾವೆಲ್ಲ ಇಲ್ಲಿ ಆರಾಮ. ಅಪ್ಪನ ಮಂಡಿನೋವು ಕಡಿಮೆಯಾಯಿತೆಂದು ಅಮ್ಮ ಹೇಳಿದರು, ಸಮಾಧಾನವಾಯಿತು. ತೋಟಕ್ಕೆ ಮಣ್ಣು ಹಾಕಿಸಿದ ಮೇಲೆ ನೀರಿನ ಪೈಪಿನ ಗೇಟ್ ವಾಲ್ ಎಲ್ಲಿ ಹೂತುಹೋಯಿತೋ ಗೊತ್ತಾಗುತ್ತಿಲ್ಲ, ಹುಡುಕಲು ಮೆಟಲ್ ಡಿಟೆಕ್ಟರ್ ಆನ್ ಮಾಡಿದರೆ ಒಂದೇ ಸಮ ಕಿರುಚುತ್ತದೆ ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದ್ದು ತೋಟಕ್ಕೆ ಇಳಿಯುವಷ್ಟರಲ್ಲಿ ಮರೆತುಹೋಗುತ್ತದೆ.

ಯಾವ ಗುಂಡಿ ಒತ್ತುವ ಮೊದಲೂ ಒಂದು ಪರೀಕ್ಷೆ ಮಾಡು. ಕಾಯಿಲನ್ನು, ಅಂದರೆ ಕೋಲಿನ ತುದಿಯ ತಟ್ಟೆಯನ್ನು, ಸೊಂಟದ ಎತ್ತರಕ್ಕೆ ಎತ್ತಿ ಅಲ್ಲಾಡಿಸದೆ ಹಿಡಿ. ಆಗಲೂ ಕಿರುಚಿದರೆ ಸದ್ದು ಗಾಳಿಯಿಂದ ಬರುತ್ತಿದೆ, ಅಂದರೆ ಕರೆಂಟಿನದು. ಎತ್ತಿದಾಗ ಸುಮ್ಮನಿದ್ದು, ನೆಲದ ಹತ್ತಿರ ಬೀಸಿದಾಗ ಮಾತ್ರ ಕಿರುಚಿದರೆ ಅದು ನೆಲದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಎಲ್ಲರೂ ಮೊದಲು ಸೆನ್ಸಿಟಿವಿಟಿ, ಅಂದರೆ ಯಂತ್ರದ ಸೂಕ್ಷ್ಮತೆ, ಇಳಿಸುತ್ತಾರೆ. ಸದ್ದು ನಿಲ್ಲುತ್ತದೆ ನಿಜ, ಅದರ ಜೊತೆಗೆ ಆಳದ ಲೋಹ ಹಿಡಿಯುವ ಶಕ್ತಿಯೂ ಹೋಗುತ್ತದೆ.

ಗಾಳಿಯ ಸದ್ದಾದರೆ ಮೊದಲು ನಿನ್ನ ಮೈಮೇಲಿರುವುದನ್ನು ನೋಡು. ಜೇಬಿನ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕು. ಕಾಯಿಲಿನ ವಯರು ಕೋಲಿಗೆ ಬಿಗಿಯಾಗಿ ಸುತ್ತಿರಬೇಕು, ಜೋತಾಡಿದರೆ ಅದೇ ಸದ್ದು ಮಾಡುತ್ತದೆ. ಕನೆಕ್ಟರಿನ ತಿರುಪು ಸಡಿಲವಿದ್ದರೂ ಹಾಗೆಯೇ. ಆಮೇಲೆ ಪಂಪಿನ ಮೋಟಾರು. ತ್ರೀ ಫೇಸ್ ಕರೆಂಟ್ ಇದ್ದಾಗ ನಮ್ಮ ಮೋಟಾರು ಮಾತ್ರವಲ್ಲ, ಅಕ್ಕಪಕ್ಕದವರದ್ದೂ ಓಡುತ್ತಿರುತ್ತವೆ, ಲೈನಿನ ತುಂಬ ಲೋಡು. ತ್ರೀ ಫೇಸ್ ಹೋದ ಹೊತ್ತಿಗೇ ಹುಡುಕಲು ಇಳಿ, ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ. ಯಾರಾದರೂ ಸೋಲಾರ್ ಪಂಪ್ ಹಾಕಿಸಿದ್ದರೆ ಅದರ ಡ್ರೈವ್ ಪೆಟ್ಟಿಗೆಯಿಂದ ದೂರವಿರು.

ಆನೆ, ಕಾಟಿಗೆಂದು ಹಾಕಿದ ಸೋಲಾರ್ ಬೇಲಿಯನ್ನು ಕಿವಿಯಲ್ಲೇ ಗುರುತಿಸಬಹುದು. ಸುಮಾರು ಸೆಕೆಂಡಿಗೊಂದರಂತೆ ಟಕ್, ಟಕ್, ಟಕ್ ಎಂದು ಗಡಿಯಾರ ಬಡಿದಂತೆ ಬರುತ್ತದೆ. ಆ ಒಂದೊಂದು ಹೊಡೆತವೂ ಎಲ್ಲ ಫ್ರೀಕ್ವೆನ್ಸಿಗೂ ಹರಡಿಕೊಂಡಿರುವುದರಿಂದ ಡಿಟೆಕ್ಟರಿನ ಚಾನೆಲ್ (ಫ್ರೀಕ್ವೆನ್ಸಿಯ ಸಣ್ಣ ಹೊಂದಾಣಿಕೆ) ಯಾವುದಕ್ಕೆ ಬದಲಿಸಿದರೂ ತಪ್ಪುವುದಿಲ್ಲ. ಹುಡುಕುವಷ್ಟು ಹೊತ್ತು ಬೇಲಿಯನ್ನು ಆಫ್ ಮಾಡಿಸು. ಮಳೆಗಾಲದ ಗುಡುಗಿಗೂ ಸೆಟ್ಟಿಂಗಿನಲ್ಲಿ ಮದ್ದಿಲ್ಲ. ದೂರದಲ್ಲಿ ಮಿಂಚಿದರೂ ಚಟಪಟ ಅನ್ನುತ್ತದೆ, ಆಗ ಮನೆಗೆ ನಡೆ.

ಇಷ್ಟಾದ ಮೇಲೆ ಸೆಟ್ಟಿಂಗ್. ನಾನು ಬಿಟ್ಟು ಬಂದ ಡಿಟೆಕ್ಟರ್ ಇಕ್ವಿನಾಕ್ಸ್ 800. ಹುಡುಕುವ ಜಾಗದಲ್ಲೇ ನಿಂತು, ಕಾಯಿಲನ್ನು ನೆಲದಿಂದ ಎತ್ತಿ ಅಲುಗದಂತೆ ಹಿಡಿದು, ಮೆನುವಿನಲ್ಲಿ ನಾಯ್ಸ್ ಕ್ಯಾನ್ಸಲ್‌ಗೆ (ಗಾಳಿಯ ಸದ್ದು ತಗ್ಗಿಸುವ ಸೆಟ್ಟಿಂಗ್) ಹೋಗಿ ಸರಿ-ತಪ್ಪು ಗುರುತಿನ ಗುಂಡಿ ಒತ್ತು. ಅದು 19 ಚಾನೆಲ್‌ಗಳನ್ನು ಕೇಳಿ ನೋಡಿ, ಸದ್ದು ಕಡಿಮೆ ಇರುವುದನ್ನು ತಾನೇ ಆರಿಸುತ್ತದೆ. ಅದು ಮುಗಿಯುವ ತನಕ ಕೈ ಅಲ್ಲಾಡಬಾರದು, ಹತ್ತಿರ ಹಾರೆ, ಗುದ್ದಲಿ ಇರಬಾರದು. ಸಾಲದಿದ್ದರೆ ಮಲ್ಟಿ (ಒಂದೇ ಸಲ ಹಲವು ಫ್ರೀಕ್ವೆನ್ಸಿ ಬಳಸುವುದು) ಬಿಟ್ಟು 5, 10, 15, 20, 40 ಕಿಲೋಹರ್ಟ್ಸ್‌ಗಳನ್ನು ಒಂದೊಂದಾಗಿ ಹಾಕಿ ನೋಡು. ಫ್ರೀಕ್ವೆನ್ಸಿ ಬದಲಿಸಿದಾಗಲೆಲ್ಲ ನಾಯ್ಸ್ ಕ್ಯಾನ್ಸಲ್ ಮತ್ತೆ ಮಾಡಬೇಕು. ಸೆನ್ಸಿಟಿವಿಟಿಯ ಸರದಿ ಕೊನೆಗೆ. 20ರಿಂದ ಶುರುಮಾಡಿ ಒಂದೊಂದೇ ಇಳಿಸು, ಕಾಯಿಲ್ ಸುಮ್ಮನಿದ್ದಾಗ ಯಂತ್ರವೂ ಸುಮ್ಮನಾದ ಕಡೆ ನಿಲ್ಲಿಸು. ವಾಲ್ ದೊಡ್ಡ ಸಾಮಾನು, 14, 15ಕ್ಕೆ ಇಳಿದರೂ ಅದನ್ನು ಹಿಡಿಯುತ್ತದೆ. ಚಿನ್ನದ ಚೂರು ಹುಡುಕುವವರಿಗೆ ಈ ಸೌಕರ್ಯವಿಲ್ಲ.

ಇನ್ನು ನೆಲದ ಸದ್ದು. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿರುವಂತೆ ಇಲ್ಲಿಯ ಕೆಂಪು ನೆಲದಲ್ಲೂ ಕಬ್ಬಿಣದ ಅಂಶ ಜಾಸ್ತಿ. ಹತ್ತಿರದ ಕಿಂಗೋವರ್‌ನಲ್ಲಿ 1980ರಲ್ಲಿ 27 ಕಿಲೋ ತೂಕದ ಚಿನ್ನದ ಗಟ್ಟಿ ಡಿಟೆಕ್ಟರಿನಲ್ಲೇ ಸಿಕ್ಕಿತ್ತು, ಆದರೆ ಈ ನೆಲದಲ್ಲಿ ಕಬ್ಬಿಣದ ಕಲ್ಲುಗಳೂ ಲೋಹದಂತೆಯೇ ಕೂಗುತ್ತವೆ. ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದಿಗೆ ಯಂತ್ರವನ್ನು ಹೊಂದಿಸುವುದು, ಮಾಡಬೇಕು. ಕೆಳಗೆ ಲೋಹವಿಲ್ಲದ ಜಾಗ ನೋಡಿಕೋ. ಮೆನುವಿನಲ್ಲಿ ಗ್ರೌಂಡ್ ಬ್ಯಾಲೆನ್ಸ್ ಆರಿಸಿ, ಅದೇ ಸರಿ-ತಪ್ಪು ಗುರುತಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡು, ಕಾಯಿಲನ್ನು ಒಂದು ಗೇಣು ಮೇಲೆತ್ತು, ಎರಡು ಬೆರಳಿನಷ್ಟು ಹತ್ತಿರಕ್ಕೆ ಇಳಿಸು. ಹೀಗೆ ಏರಿಸಿ ಇಳಿಸಿ ಮಾಡುತ್ತಿದ್ದಂತೆ ಸದ್ದು ಸಣ್ಣಗಾಗುತ್ತದೆ, ಆಗ ಗುಂಡಿ ಬಿಡು. ಗೊತ್ತಿಲ್ಲದೆ ಲೋಹದ ಮೇಲೆಯೇ ಬ್ಯಾಲೆನ್ಸ್ ಮಾಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಹಾಗಾಗಿ ಎರಡು ಮೂರು ಕಡೆ ಮಾಡಿ ಪರದೆಯಲ್ಲಿ ಬರುವ ಅಂಕಿ ಹತ್ತಿರ ಹತ್ತಿರ ಬರುತ್ತದೆಯೇ ನೋಡು. ತೋಟದ ಹೊಸ ಮಣ್ಣಿಗೂ ಅಂಚಿನ ಹಳೇ ಮಣ್ಣಿಗೂ ಅಂಕಿ ಬೇರೆ ಬರಬಹುದು, ಜಾಗ ಬದಲಾದರೆ ಮತ್ತೆ ಮಾಡು. ಅಟ್ಟದ ಮೇಲೆ 6 ಇಂಚಿನ ಸಣ್ಣ ಕಾಯಿಲೂ ಇದೆ. ಎರಡೂ ಬಗೆಯ ಸದ್ದು ಅದರಲ್ಲಿ ಕಡಿಮೆ, ಆಳವೂ ಕಡಿಮೆ. ಮೊದಲು 11 ಇಂಚಿನದರಲ್ಲೇ ನೋಡು.

ಒಂದು ಮುಖ್ಯ ವಿಷಯ. ವಾಲ್ ಬೀಡು ಕಬ್ಬಿಣದ್ದಾದರೆ ಯಂತ್ರ ಅದನ್ನು ಕಬ್ಬಿಣವೆಂದು ತಳ್ಳಿಬಿಡಬಹುದು. ಕುದುರೆ ಲಾಳದ ಚಿತ್ರವಿರುವ ಗುಂಡಿ ಒತ್ತಿ ಎಲ್ಲ ಲೋಹಕ್ಕೂ ಕೂಗುವಂತೆ ಮಾಡಿಕೋ. ಪಿವಿಸಿ ಪೈಪು ಹೇಗೂ ಕೇಳಿಸುವುದಿಲ್ಲ, ಆದ್ದರಿಂದ ಪೈಪು ಹೋದ ದಾರಿಯನ್ನು ಅಂದಾಜು ಮಾಡಿ ಆ ಗೆರೆಯ ಮೇಲೆ ಅಡ್ಡಡ್ಡ ಬೀಸುತ್ತಾ ಹೋಗು. ಸದ್ದು ಬಂದ ಕಡೆ, ಲೋಹ ಯಾವುದೆಂದು ಪರದೆ ತೋರಿಸುವ ಅಂಕಿ ನಂಬಬೇಡ, ದೊಡ್ಡ ಕಬ್ಬಿಣ ಕೆಲವೊಮ್ಮೆ ಹಿತ್ತಾಳೆಯ ಅಂಕಿಯನ್ನೇ ತೋರಿಸುತ್ತದೆ. ಕಾಯಿಲನ್ನು ಒಂದು ಗೇಣು ಎತ್ತಿ ಬೀಸು. ಮೊಳೆ, ಬಾಟಲಿ ಮುಚ್ಚಳವಾದರೆ ಸದ್ದು ಕ್ಷೀಣಿಸುತ್ತದೆ, ವಾಲ್ ಆದರೆ ಇನ್ನೂ ಅಗಲವಾಗಿ ಕೂಗುತ್ತಲೇ ಇರುತ್ತದೆ. ಅಲ್ಲಿ ಅಗಿ, ಆದರೆ ಪೈಪಿಗೆ ಗುದ್ದಲಿ ತಾಗದ ಹಾಗೆ ಪಕ್ಕದಿಂದ.

ಇಷ್ಟು ಮಾಡಿಯೂ ಕಿರುಚಿದರೆ ಸದ್ದನ್ನು ರೆಕಾರ್ಡ್ ಮಾಡಿ ಕಳಿಸು. ಹತ್ತು ಸೆಕೆಂಡು ಕಾಯಿಲ್ ಎತ್ತಿ ಹಿಡಿದು, ಹತ್ತು ಸೆಕೆಂಡು ನೆಲದ ಮೇಲೆ ಬೀಸಿ. ಮೊಬೈಲ್ ಏರೋಪ್ಲೇನ್ ಮೋಡಿನಲ್ಲೇ ಇರಲಿ, ಅಪ್ಪ ನಾಲ್ಕು ಹೆಜ್ಜೆ ದೂರ ನಿಂತು ಹಿಡಿದುಕೊಳ್ಳಲಿ. ಮನೆಗೆ ಬಂದ ಮೇಲೆ ವಾಟ್ಸಾಪಿನಲ್ಲಿ ಹಾಕು, ಕೇಳಿ ಹೇಳುತ್ತೇನೆ.

ಅಪ್ಪ ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ
ಅಣ್ಣ