ಬಾಗಿಲ ಹೊರಗೆ ನಿಂತವನ ವಂದನೆ

ಕಳೆದ ಭಾನುವಾರ ನಮ್ಮ ಸಭೆಯ ಆರಾಧನೆಯಲ್ಲಿ ನಾನು ಬೈಬಲಿನ 136ನೆಯ ಕೀರ್ತನೆಯ ಕೊನೆಯ ನಾಲ್ಕು ವಚನಗಳನ್ನು ಓದಿದೆ. ಬೇರೆಯವರಿಗೆ ಅದು ಅರ್ಧ ನಿಮಿಷದ ಕೆಲಸ. ನನಗೆ ಆರು ನಿಮಿಷ ಹಿಡಿಯಿತಂತೆ, ಮೊಮ್ಮಗಳು ಲೆಕ್ಕ ಇಟ್ಟಿದ್ದಳು. ಯಾರೂ ಗಡಿಯಾರ ನೋಡಲಿಲ್ಲ. ಒಂದು ಪದಕ್ಕೆ ಎಡವಿ ನಿಂತಾಗ ಮುಂದಿನ ಸಾಲಿನಿಂದ ಯಾರೂ ಅದನ್ನು ಎತ್ತಿಕೊಡಲಿಲ್ಲ. ಸುಮ್ಮನೆ ಕಾದಿರಿ. ಹಾಗೆ ಕಾದದ್ದಕ್ಕೇ ನನ್ನ ಮೊದಲ ವಂದನೆ. ಉಳಿದದ್ದನ್ನು ಎಡಗೈಯ ಒಂದೇ ಬೆರಳಿನಿಂದ ಮೊಬೈಲ್‌ನಲ್ಲಿ ಒತ್ತಿ ಒತ್ತಿ ಬರೆದಿದ್ದೇನೆ. ವಾಕ್ಯ ಹರಿದ ಕಡೆಯೆಲ್ಲ ಮಗಳು ಹೊಲಿಗೆ ಹಾಕಿದ್ದಾಳೆ.

14 ತಿಂಗಳ ಹಿಂದೆ ಒಂದು ಬೆಳಗ್ಗೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಬಲಗೈ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಮಿದುಳಿನ ಎಡಭಾಗಕ್ಕೆ ಹೋಗುವ ರಕ್ತ ನಿಂತಿತ್ತು. ಎಡಕ್ಕೆ ಪೆಟ್ಟಾದರೆ ದೇಹದ ಬಲಪಾರ್ಶ್ವ ಸೋಲುತ್ತದೆ. ಬಹುಪಾಲು ಜನರಿಗೆ ಭಾಷೆಯ ಮನೆಯೂ ಎಡಭಾಗದಲ್ಲೇ ಇರುವುದರಿಂದ ಮಾತೂ ಹೋಗುವುದುಂಟು. ವೈದ್ಯರು ಇದಕ್ಕೆ ಅಫೇಸಿಯ ಎಂದರು. ಬುದ್ಧಿ ಇದ್ದಲ್ಲೇ ಇತ್ತು, ಪದಗಳು ಮಾತ್ರ ಎದ್ದು ಹೋಗಿದ್ದವು. ಎದುರಿಗೆ ಕುಳಿತ ಹೆಂಡತಿಯ ಮುಖ ಗೊತ್ತು, ಹೆಸರು ಬಾಯಿಗೆ ಬಾರದು.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಏಟು ಇನ್ನೊಂದಿತ್ತು. 22 ವರ್ಷ ಸಂಡೇ ಸ್ಕೂಲ್ ನಡೆಸಿದವನು ನಾನು. ಉದ್ದುದ್ದ ಪ್ರಾರ್ಥನೆಗೆ ಹೆಸರಾದವನು (ಹುಡುಗರು ನನ್ನ ಪ್ರಾರ್ಥನೆ ನಡೆಯುವಾಗ ಒಂದು ನಿದ್ದೆ ಮುಗಿಸುತ್ತಿದ್ದರೆಂದು ಈಗ ತಿಳಿದಿದೆ). ದೇವರ ಬಳಿ ನನ್ನದೊಂದು ಖಾತೆ ಇದೆ, ಅದರಲ್ಲಿ ಜಮೆ ಚೆನ್ನಾಗಿದೆ ಎಂಬ ಧೈರ್ಯ ಒಳಗೊಳಗೇ ಇತ್ತು. ಬಾಯಲ್ಲಿ ಕೃಪೆ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾತು ಹೋದ ಮೇಲೆ ಪ್ರಾರ್ಥನೆಯೂ ಹೋಯಿತು. 'ಕರ್ತನೇ' ಎಂದು ಮನಸ್ಸಿನಲ್ಲಿ ಶುರು ಮಾಡಿದರೆ ಅದರ ಮುಂದೆ ಬಿಳಿ ಗೋಡೆ. ಸೇವೆ ಇಲ್ಲ, ಪಾಠ ಇಲ್ಲ, ಉಪವಾಸಕ್ಕೂ ವೈದ್ಯರ ಅಪ್ಪಣೆ ಇಲ್ಲ. ಕೊಡುವುದಕ್ಕೆ ಏನೂ ಉಳಿಯದವನನ್ನು ದೇವರು ಏನು ಮಾಡುತ್ತಾನೆ? ಆ ಪ್ರಶ್ನೆಯನ್ನು ಕೇಳುವುದಕ್ಕೂ ಪದಗಳಿರಲಿಲ್ಲ.

ಇಲ್ಲಿ ನಾನು ವಂದಿಸಬೇಕಾದವರು ವಾಕ್ ಚಿಕಿತ್ಸೆಯ ಆ ತಾಯಿ. ಅವರು ನಮ್ಮ ಸಭೆಯವರಲ್ಲ, ಯಾವ ದೇವರಿಗೆ ಕೈ ಮುಗಿಯುತ್ತಾರೋ ನಾನು ಕೇಳಿಲ್ಲ. ಮಾತು ಕಳೆದುಕೊಂಡವರಲ್ಲಿ ಅನೇಕರಿಗೆ ಎಣಿಕೆ, ವಾರದ ಹೆಸರುಗಳು, ಹಾಡು, ಸಾವಿರ ಸಲ ಹೇಳಿ ಸವೆದ ಸಾಲುಗಳು ಉಳಿದಿರುತ್ತವೆ ಎಂದು ಅವರು ವಿವರಿಸಿದರು. ಹಾಡಿಗೆ ಮಿದುಳಿನ ಬಲಭಾಗವೂ ಹೆಗಲು ಕೊಡುತ್ತದೆಯಂತೆ. "ಇವರು ದಿನವೂ ಏನು ಹೇಳುತ್ತಿದ್ದರು?" ಎಂದು ಮನೆಯವರನ್ನು ಕೇಳಿದರು. ಹೆಂಡತಿ 136ನೆಯ ಕೀರ್ತನೆ ತೆಗೆದುಕೊಟ್ಟಳು. ಅದರಲ್ಲಿ 26 ವಚನಗಳು, 26ಕ್ಕೂ ಒಂದೇ ಪಲ್ಲವಿ. ಮೊದಲ ಅರ್ಧವನ್ನು ಅವರು ಓದುವುದು, ಪಲ್ಲವಿಯನ್ನು ನಾನು ಹೇಳುವುದು. ಮೊದಲ ದಿನ ಗಂಟಲಿನಲ್ಲಿ ಬರೀ ಗಾಳಿ. ಹದಿನೈದನೆಯ ದಿನವೋ ಏನೋ, ಅವರು ಸೂರ್ಯ ಚಂದ್ರರ ವಚನ ಓದಿ ನಿಲ್ಲಿಸಿದಾಗ ನನ್ನ ಬಾಯಿಂದ ತಾನಾಗಿ ಹೊರಟಿತು: "ಆತನ ಕೃಪೆ ಶಾಶ್ವತ." ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

ಆ ಪಲ್ಲವಿಯ ಹೀಬ್ರೂ ಪದ 'ಹೆಸೆದ್'. ಅದನ್ನು ಕೆಲವರು ಕೃಪೆ ಎಂದು, ಕೆಲವರು ಪ್ರೀತಿ ಎಂದು ಕನ್ನಡಿಸುತ್ತಾರೆ. ಕೈ ಹಿಡಿದ ಮೇಲೆ ಬಿಡದ ನಿಷ್ಠೆ ಎಂಬುದು ಅದರ ತಿರುಳು. ಆ ಕೀರ್ತನೆಯ ಎಲ್ಲವೂ ನನಗೆ ಸಲೀಸಾಗಿ ಒಳಗಿಳಿಯುವುದಿಲ್ಲ. ನಡುವೆ ಸೀಹೋನ, ಓಗ ಎಂಬ ರಾಜರನ್ನು ಕೊಂದುದಕ್ಕೂ ಅದೇ ಪಲ್ಲವಿ ಬರುತ್ತದೆ, ಅಲ್ಲಿ ಇಂದಿಗೂ ನನ್ನ ನಾಲಿಗೆ ತಡೆಯುತ್ತದೆ. ಆದರೆ 25ನೆಯ ವಚನಕ್ಕೆ ಬಂದಾಗ ಬೇಲಿಯೇ ಇಲ್ಲ. ಆತನು ಎಲ್ಲ ಜೀವಿಗಳಿಗೂ ಆಹಾರ ಕೊಡುವವನು. ಅಲ್ಲಿ ಜಾತಿ, ನಡತೆ, ಹಾಜರಿ ಪಟ್ಟಿ ಯಾವುದೂ ಬರುವುದಿಲ್ಲ. ಭಾನುವಾರ ನಾನು ಎಡವಿ ನಿಂತದ್ದು ಆ 'ಎಲ್ಲ' ಎಂಬ ಪದದ ಮೇಲೆ. ರೋಗದ ಎಡವಿಕೆ ಎಂದು ನೀವು ತಿಳಿದಿರಬಹುದು. ಪೂರ್ತಿ ಹಾಗಲ್ಲ.

ಏಕೆಂದರೆ ಆ 'ಎಲ್ಲ'ದಲ್ಲಿ ಒಬ್ಬನನ್ನು ನಾನು ಸೇರಿಸಿರಲಿಲ್ಲ. ನಾಲ್ಕು ವರ್ಷದ ಹಿಂದೆ, ನಮ್ಮ ನಡುವೆಯೇ ಬೆಳೆದ ಒಬ್ಬ ಯುವಕ ತಪ್ಪು ಮಾಡಿ ದೂರವಾಗಿ, ಮತ್ತೆ ಮರಳಿ ಬಂದು ಗಾಯನವೃಂದಕ್ಕೆ ಸೇರಲು ಕೇಳಿಕೊಂಡ. ಅವನು ಮಾಡಿದ್ದು ಸಣ್ಣ ತಪ್ಪಲ್ಲ. ಅದೇನೆಂದು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಸಮಿತಿಯಲ್ಲಿ ಬೇಡವೆಂದು ಮೊದಲು ಎತ್ತಿದ ಕೈ ನನ್ನದು. ಬಲಗೈ.

ನಾನು ಮನೆಗೆ ಬಂದ ಎರಡನೆಯ ವಾರ ಅವನು ಬಾಗಿಲಲ್ಲಿ ನಿಂತಿದ್ದ. ಬೇಡ ಎನ್ನಲು ನನಗೆ ಮಾತಿರಲಿಲ್ಲ, ಅದೇ ಅವನಿಗೆ ಅನುಕೂಲವಾಯಿತು. ಲಕ್ವ ಹೊಡೆದ ಕೈ ಕೆಲವರಿಗೆ ಬಿಗಿದು ಮುಷ್ಟಿಯಾಗುತ್ತದೆ. ಬೆರಳುಗಳು ಒಳಗೆ ಮಡಚಿಕೊಂಡು, ಬೆಳೆದ ಉಗುರು ಅಂಗೈಗೆ ನಾಟುತ್ತದೆ. ಬಲವಂತದಿಂದ ಬಿಡಿಸಲು ಹೋದರೆ ಕೈ ಇನ್ನಷ್ಟು ಬಿಗಿಯುತ್ತದೆ. ಅವನು ಮಣಿಕಟ್ಟನ್ನು ಮೊದಲು ಮೆಲ್ಲಗೆ ಒಳಕ್ಕೆ ಬಾಗಿಸಿ, ಹೆಬ್ಬೆರಳನ್ನು ಹೊರಗೆ ತಂದು, ಆಮೇಲೆ ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದ. ಬೆಚ್ಚನೆಯ ನೀರಿನ ಬಟ್ಟೆಯಿಂದ ಅಂಗೈ ಒರೆಸಿ, ಒಣಗಿಸಿ, ಉಗುರು ಕತ್ತರಿಸುತ್ತಿದ್ದ. ಐದು ಬೆರಳಿಗೆ ಅರ್ಧ ಗಂಟೆ. ಪ್ರತಿ ಗುರುವಾರ ಬಂದ. ಹಳೆಯದನ್ನು ಒಂದು ದಿನವೂ ಎತ್ತಲಿಲ್ಲ. ಪ್ರಾರ್ಥನೆ ಮಾಡುತ್ತೇನೆ ಎಂದೂ ಹೇಳಲಿಲ್ಲ. ಕೆಲಸ ಮುಗಿಸಿ, ಚೂರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದ.

ಆ ಗುರುವಾರಗಳಲ್ಲಿ ನನ್ನನ್ನು ಕಾಡಿದ್ದು ಲೂಕನ ಸುವಾರ್ತೆಯ 15ನೆಯ ಅಧ್ಯಾಯ. ತಪ್ಪಿಹೋದ ಮಗನ ಕತೆಯನ್ನು ಪ್ರತಿ ವರ್ಷ ಮಕ್ಕಳಿಂದ ಆಡಿಸುತ್ತಿದ್ದೆ. ಕಿರಿಯ ಮಗನಾಗಲು ಪೈಪೋಟಿ, ತಂದೆಯಾಗಲು ಪೈಪೋಟಿ, ಹಂದಿಗಳಾಗುವುದಕ್ಕೂ ಪೈಪೋಟಿ. ಹಿರಿಯ ಮಗ ಯಾರಿಗೂ ಬೇಡ. ಹೊತ್ತಾಯಿತು ಎಂದು ಆ ಭಾಗವನ್ನೇ ನಾನು ಹಾರಿಸಿಬಿಡುತ್ತಿದ್ದೆ. ಈಗ ಮಲಗಿದಲ್ಲೇ ಅದನ್ನು ನಿಧಾನವಾಗಿ ನೋಡಿದೆ. ಆಸ್ತಿ ಹಾಳುಮಾಡಿ ಮರಳಿದ ಕಿರಿಯವನಿಗಾಗಿ ತಂದೆ ಮನೆಯಲ್ಲಿ ಹಬ್ಬ ಮಾಡುತ್ತಿರುವಾಗ, ಹಿರಿಯವನು ಕೋಪದಿಂದ ಒಳಗೆ ಬರದೆ ನಿಂತಿದ್ದಾನೆ. ತಂದೆ ಎದ್ದು ಅವನ ಬಳಿಗೂ ಹೊರಗೆ ಬರುತ್ತಾನೆ. ಮಗ ದೂರುವಾಗ 'ನನ್ನ ತಮ್ಮ' ಎನ್ನುವುದಿಲ್ಲ, 'ಈ ನಿನ್ನ ಮಗ' ಎನ್ನುತ್ತಾನೆ. ತಂದೆ ಉತ್ತರ ಕೊಡುವಾಗ ಆ ಮಾತನ್ನು ತಿದ್ದಿ 'ಈ ನಿನ್ನ ತಮ್ಮ' ಎಂದು ಹಿಂದಿರುಗಿಸುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ, ಯೇಸು ಹೇಳಲೇ ಇಲ್ಲ.

ಯೋನನೆಂಬ ಪ್ರವಾದಿಯ ಪುಸ್ತಕವೂ ಹೀಗೇ ಊರ ಹೊರಗೆ ಮುನಿಸಿಕೊಂಡು ಕುಳಿತವನ ಮುಂದೆ ಮುಗಿಯುತ್ತದೆ. ದೇವರು ನಿನೆವೆ ಎಂಬ ಆ ಊರನ್ನು ಕ್ಷಮಿಸಿದ್ದೇ ಅವನ ಸಿಟ್ಟಿಗೆ ಕಾರಣ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ ಇದ್ದಾರೆ, ದನಕರುಗಳೂ ಇವೆ, ನಾನು ಕನಿಕರಿಸಬಾರದೇ ಎಂಬ ದೇವರ ಪ್ರಶ್ನೆಯೇ ಅದರ ಕೊನೆ. ಫಿಸಿಯೊಥೆರಪಿಯಲ್ಲಿ "ಬಲಗೈ ತೋರಿಸಿ" ಎಂದಾಗ ಎಡಗೈ ಎತ್ತಿದ ದಿನ ಆ ವಚನ ನೆನಪಾಗಿ ನಕ್ಕುಬಿಟ್ಟೆ. ಅಷ್ಟು ವರ್ಷ ಯೋನನ ಪಕ್ಕದಲ್ಲಿ ಕುಳಿತಿದ್ದವನು ನಿನೆವೆಯ ಪ್ರಜೆಯಾಗಿದ್ದೆ.

ಹೆಂಡತಿಯ ಹೆಸರು ಬಾಯಿಗೆ ಬಂದ ಮೇಲೆ, ನಾನಾಗಿ ಹುಡುಕಿ ಹೇಳಿದ ಎರಡನೆಯ ಪದ ಒಂದು ಗುರುವಾರದ್ದು. ಉಂಗುರದ ಬೆರಳಿನ ಉಗುರು ಕತ್ತರಿಸುತ್ತಿದ್ದಾಗ "ತಮ್ಮ" ಎಂದೆ. ಅವನು ತಲೆ ಎತ್ತಲಿಲ್ಲ. "ಅಲ್ಲಾಡಬೇಡಿ ಅಣ್ಣಾ, ಇನ್ನೊಂದೇ ಇದೆ" ಎಂದ.

ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದವರಿಗೆ, ಔಷಧದ ಹೊತ್ತನ್ನು ಗೋಡೆಗೆ ಬರೆದು ಅಂಟಿಸಿದ ಅಳಿಯನಿಗೆ, ನನ್ನ ತರಗತಿಯನ್ನು ಒಂದು ವಾರವೂ ತಪ್ಪಿಸದೆ ನಡೆಸಿದ ಅಕ್ಕನವರಿಗೆ, ಏನು ಮಾತನಾಡುವುದೆಂದು ತಿಳಿಯದೆ ಬಂದು ಕುಳಿತು ಎದ್ದು ಹೋದ ಸಭಾಪಾಲಕರಿಗೆ ವಂದನೆಗಳು. ಅಯ್ಯನವರೇ, ನೀವು ಸುಮ್ಮನಿದ್ದದ್ದೇ ಹಿತವಾಗಿತ್ತು. ಗಾಯನವೃಂದದ ವಿಷಯವನ್ನು ಸಮಿತಿ ಮತ್ತೆ ಕೈಗೆತ್ತಿಕೊಳ್ಳಬೇಕೆಂದು ಪತ್ರ ಕೊಟ್ಟಿದ್ದೇನೆ. ಬಲಗೈ ಇನ್ನೂ ಭುಜದವರೆಗೆ ಮಾತ್ರ ಏಳುತ್ತದೆ. ಮತ ಎಣಿಸುವವರು ಅದನ್ನು ಪೂರ್ತಿ ಎತ್ತಿದಂತೆಯೇ ತಿಳಿಯಬೇಕು.

ಮುಂದಿನ ತಿಂಗಳಿನಿಂದ ನನ್ನನ್ನು ಮತ್ತೆ ಮಕ್ಕಳ ಬಳಿ ಬಿಡುತ್ತಾರಂತೆ. ಈ ಸಲದ ನಾಟಕದಲ್ಲಿ ಹಿರಿಯ ಮಗನ ಪಾತ್ರಕ್ಕೆ ಯಾರನ್ನೂ ಹುಡುಕಬೇಡಿ. ಅವನಿಗಿರುವುದು ಎರಡು ಮೂರು ಮಾತು, ಅಷ್ಟನ್ನು ನಾನು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ.